ಅಡೀಲಾ ಊರಿನ ಬಾವಿಯವಳು

ಹುಲ್ಡಾ ಬ್ರೆಕ್ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ನಾರ್ವೆಯಿಂದ ಬಂದಿಳಿದ ದಿನವೇ ಬಂದರಿನಲ್ಲಿ ತನ್ನದೇ ಭಾಷೆಯವನೊಬ್ಬ ನಯವಾಗಿ ಮಾತಾಡಿ, ಅವಳ ಗಂಟುಮೂಟೆ ಹೊತ್ತುಕೊಂಡು ಮಾಯವಾಗಿದ್ದ. ಆಮೇಲೆ ಯಾರು ಸಿಹಿಯಾಗಿ ಮಾತಾಡಿದರೂ ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ನೆಬ್ರಾಸ್ಕಾದ ಹುಲ್ಲುಗಾವಲಿನ ದಿಬ್ಬದ ಮೇಲೆ ಗಂಡ ಟೊರ್ಗರ್ ಎರಡು ಬೇಸಿಗೆ ಅಗೆದು ಎಂಬತ್ತು ಅಡಿಯ ಬಾವಿ ತೋಡಿದ. ಮೂರನೆಯ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ತೀರಿಕೊಂಡ. ಅವಳಿಗೆ ಉಳಿದದ್ದು ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆ, ಒಂದು ಹಸು, ಎರಡು ಎತ್ತು, ಆ ಬಾವಿ.

1879ರ ವಸಂತದಲ್ಲಿ ರೈಲು ಬರುತ್ತದೆಂಬ ಸುದ್ದಿ ಹಬ್ಬಿತು. ಎರಡು ಮೈಲಿ ಆಚೆ, ಹೊಳೆ ದಾಟುವಲ್ಲಿ ಒಂದು ಪುಟ್ಟ ಹಳ್ಳಿ: ಏಮೊಸ್ ಟಕರನ ಅಂಗಡಿ, ಒಂದು ಕುಲುಮೆ, ಪ್ರಾರ್ಥನೆಗೂ ಒದಗುವ ಒಂದು ಶಾಲೆ, ಏಳು ಮನೆ. ಹಳಿಯ ದಾರಿ ಗುರುತಿಸಲು ರೈಲು ಕಂಪನಿಯವರು ನೆಟ್ಟ, ಕೆಂಪು ಬಟ್ಟೆ ಕಟ್ಟಿದ ಗೂಟಗಳ ಸಾಲು ಆ ಹಳ್ಳಿಯತ್ತಲೇ ಹೋಯಿತು. ಟಕರ್ ಹಿಗ್ಗಿ ಅಂಗಡಿಗೆ ಇನ್ನೊಂದು ಕೋಣೆ ಕಟ್ಟಿಸತೊಡಗಿದ.

ಅದೇ ವಾರ ಹಾಸ್ಕಿನ್ಸ್ ಎಂಬೊಬ್ಬ ಹುಲ್ಡಾಳ ಬಾಗಿಲಿಗೆ ಬಂದ. ಕುರಿ ಮೇಯಿಸಲು ಜಮೀನು ನೋಡುತ್ತಿದ್ದೇನೆ ಎಂದ. ಬಾವಿಗೆ ಬಗ್ಗಿ ಬಹಳ ಹೊತ್ತು ನೋಡಿದ.

"ಆಗಸ್ಟಲ್ಲೂ ನೀರು ಇಷ್ಟೇ ಇರುತ್ತಾ ಅಮ್ಮಾ?"

"ಇರುತ್ತೆ. ಯಾಕೆ?"

"ಕುರಿಗೆ ಬೇಕಲ್ಲ. ನಿಮ್ಮ ಕೆಟಲು ಒಂಚೂರು ತೋರಿಸ್ತೀರಾ?"

ಕೆಟಲಿನೊಳಗೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡು ಖುಷಿಯಾದ. ಕೊಟ್ಟ ಕಾಫಿಯನ್ನೂ ಕುಡಿಯದೆ ಕುದುರೆ ಹತ್ತಿದ.

ಹಾಲು ಕರೆಯುತ್ತಿದ್ದರೂ ಹುಲ್ಡಾಳ ತಲೆಯಲ್ಲಿ ಅದೇ. ಕುರಿಯವನಂತೆ, ಜೊತೆಗೊಂದು ನಾಯಿಯಿಲ್ಲ. ಕುರಿಯವನಿಗೆ ಕೆಟಲಿನ ತಳ ಕಟ್ಟಿಕೊಂಡು ಏನಾಗಬೇಕು? ಟೊರ್ಗರ್ ಒಂದು ವರ್ಷ ಹಳಿ ಹಾಸುವ ಕೂಲಿ ಮಾಡಿದ್ದ. ಗಡಸು ನೀರಿಗೆ ಎಂಜಿನ್ನಿನ ಹೊಟ್ಟೆಯೊಳಗೆ ಸುಣ್ಣದ ಹಕ್ಕಳೆ ಕಟ್ಟಿ ಕೆಟ್ಟುಹೋಗುತ್ತದೆ ಎಂದು ಹೇಳಿದ್ದ. ತನ್ನ ಕೆಟಲಿನಲ್ಲಿ ಹಕ್ಕಳೆಯೇ ಇಲ್ಲ! ಹಾಗಾದರೆ ಹಳ್ಳಿಯತ್ತ ಹೋದ ಗೂಟಗಳು? ಎಲ್ಲರ ಕಣ್ಣು ಅತ್ತ ಇರಲಿ, ದಿಬ್ಬ ಅಗ್ಗಕ್ಕೆ ಸಿಗಲಿ ಎಂದು ನೆಟ್ಟವು.

ಪಾತ್ರೆ ಅಲ್ಲೇ ಬಿಟ್ಟು ಟಕರನ ಅಂಗಡಿಗೆ ನಡೆದಳು.

"ಟಕರ್, ಆ ಗೂಟ ನಂಬಬೇಡ. ರೈಲು ನಮ್ಮ ದಿಬ್ಬಕ್ಕೆ ಬರುತ್ತೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಒಬ್ಬ ನನ್ನ ಕೆಟಲು ನೋಡ್ಕೊಂಡು ಹೋದ."

ಅಲ್ಲೇ ಕೂತಿದ್ದ ಕುಲುಮೆಯವನು ಹೊಟ್ಟೆ ಹಿಡಿದು ನಕ್ಕ. "ಕೇಳ್ರಪ್ಪೋ, ಕೆಟಲು ನೋಡಿ ರೈಲು ಬಿಡ್ತಾರಂತೆ!"

ಟಕರ್ ನಗಲಿಲ್ಲ. "ನಾನು ಕೋಣೆ ಕಟ್ಟೋದು ನಿಲ್ಲಿಸ್ಲಿ ಅಂತ ಬಂದ್ಯಾ? ಅವನು ನಿಂಗೇನು ಕೊಡ್ತೀನಿ ಅಂದ?"

"ಒಳ್ಳೇದು ಹೇಳೋಕೆ ಬಂದ್ರೆ ಹೀಗಂತೀಯಾ?"

"ನೀನು ಒಳ್ಳೇದು ಹೇಳೋಕೆ ಬಂದಿದ್ದೇ ಅನುಮಾನ."

ಮುಂದಿನ ವಾರ ಹಾಸ್ಕಿನ್ಸ್ ಜಮೀನು ಖರೀದಿಯ ಕಾಗದ ಹಿಡಿದು ಬಂದ.

"ಕುರಿ ಕಥೆ ಸಾಕು," ಎಂದಳು ಹುಲ್ಡಾ. "ಹಳಿಗೆ, ಸ್ಟೇಷನ್ನಿಗೆ ಜಾಗ ಕೊಡ್ತೀನಿ. ನಿಮ್ಮ ಎಂಜಿನ್ನು ನೀರು ಕುಡೀಲಿ. ಆದ್ರೆ ಬಕೆಟ್ ಹಿಡ್ಕೊಂಡು ಬಂದವರಿಗೆ ಯಾವತ್ತೂ ಇಲ್ಲ ಅನ್ನಬಾರದು. ಸ್ಟೇಷನ್ ಎದುರಿನ ಮೊದಲನೇ ಜಾಗ ಟಕರನಿಗೆ."

ಹಾಸ್ಕಿನ್ಸ್ ತಬ್ಬಿಬ್ಬಾದ. "ಅವನು ನಿಮಗೇನಾಗಬೇಕು?"

"ಏನೂ ಆಗಬೇಕಿಲ್ಲ. ಮೋಸ ಹೋಗ್ತಿರೋನು ಅವನಲ್ವಾ?"

ಅವನು ಬರೆದುಕೊಟ್ಟ ಕಾಗದವನ್ನು ಒಂದು ದಿನ ಪಾದ್ರಿಯಿಂದ ಓದಿಸಿದಳು, ಮರುದಿನ ಶಾಲೆಯ ಮೇಡಂನಿಂದ. ನೀರಿನ ಷರತ್ತಿನಲ್ಲಿ ಮೇಡಂ ಓದಿದ "ಕಂಪನಿಗೆ ಒಪ್ಪಿಗೆಯಿರುವವರೆಗೆ" ಎಂಬ ಮಾತು ಪಾದ್ರಿಯ ಓದಿನಲ್ಲಿ ಬಂದಿರಲಿಲ್ಲ. ಹಾಸ್ಕಿನ್ಸ್ ಗೊಣಗುತ್ತಲೇ ಅದನ್ನು ಹೊಡೆದು ಹಾಕಿದ. ಪಾದ್ರಿ ಪಾಪ, ಕಣ್ಣು ಮಂಜಾಗಿ ಒಂದು ಸಾಲು ಬಿಟ್ಟಿದ್ದ. ಆದರೂ ಹುಲ್ಡಾ ವರ್ಷವಿಡೀ ಅವನ ಪ್ರಾರ್ಥನೆಗೆ ಹೋಗಲಿಲ್ಲ.

ರೈಲು ದಿಬ್ಬಕ್ಕೇ ಎಂದು ಖಚಿತವಾಗಿ, ಆ ಚಳಿಗಾಲ ಇಡೀ ಹಳ್ಳಿಯೇ ಅತ್ತ ಹೊರಟಿತು. ಮನೆಗಳ ಕೆಳಗೆ ದಿಮ್ಮಿ ಕೊಟ್ಟು, ಹಿಮದ ಮೇಲೆ ಎತ್ತುಗಳಿಂದ ಎಳೆಸಿದರು. ಹುಲ್ಡಾಳ ಎತ್ತುಗಳೂ ಎಳೆದವು. ಟಕರನ ಅಂಗಡಿ ಮೂರು ದಿನ ನಡುದಾರಿಯಲ್ಲಿ ಸಿಕ್ಕಿಬಿತ್ತು. ಅವನು ಅಲ್ಲೇ ಬಾಗಿಲು ತೆರೆದು ಮೊಳೆ, ಸಕ್ಕರೆ ಮಾರಿದ. ಊರಿಗೆ ಅಡೀಲಾ ಎಂದು ಹೆಸರಿಟ್ಟರು. ರೈಲು ಕಂಪನಿಯ ಯಾರೋ ದೊಡ್ಡ ಅಧಿಕಾರಿಯ ಮಗಳ ಹೆಸರಂತೆ, ಅವಳನ್ನು ಯಾರೂ ಕಂಡವರಿಲ್ಲ.

ಟಕರ್ ಮೊದಲನೇ ಜಾಗವನ್ನೇನೋ ತೆಗೆದುಕೊಂಡ, ಆದರೆ ಅವನ ಅನುಮಾನ ಅದರಿಂದಲೇ ಗಟ್ಟಿಯಾಯಿತು. "ಯಾರಾದ್ರೂ ಸುಮ್ಮನೆ ಕೊಡ್ತಾರಾ? ಮೊದಲೇ ಒಳಗೊಳಗೇ ಮಾತಾಗಿತ್ತು," ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ. ನೀರಿಗೆ ಬರುವ ಹೆಂಗಸರು ಹುಲ್ಡಾಳನ್ನು ಕಂಡರೆ ಮುಖ ತಿರುಗಿಸುವಂತಾಯಿತು. ಅವನು ಅಂಗಡಿ ಹಿಂದೆ ಬೇರೆ ಬಾವಿ ತೋಡಿಸಿ, ಹತ್ತು ವರ್ಷ ಆ ಒಗರು ನೀರನ್ನೇ ಕುಡಿದ.

1890ರ ಬರಗಾಲದಲ್ಲಿ ಸ್ಟೇಷನ್ ಮಾಸ್ತರ ನೀರು ಎಂಜಿನ್ನಿಗೆ ಮಾತ್ರ ಎಂದು ದಿಬ್ಬದ ಬಾವಿಗೆ ಬೀಗ ಜಡಿದ. ಹುಲ್ಡಾ ಕಾಗದ ತಂದು, ಊರಿನವರ ಮುಂದೆ ಓದಿಸಿ, ಬೀಗ ತೆಗೆಸಿದಳು. ಮಧ್ಯಾಹ್ನದ ಹೊತ್ತಿಗೆ ಸಾಲಿನ ಕೊನೆಯಲ್ಲಿ, ತನ್ನ ಬಾವಿ ಬತ್ತಿಹೋದ ಟಕರ್ ಬಕೆಟ್ ಹಿಡಿದು ನಿಂತಿದ್ದ.

"ನಿಜ ಹೇಳು, ರೈಲು ದಿಬ್ಬಕ್ಕೆ ಬರೋದು ನಿಂಗೆ ಯಾವತ್ತು ಗೊತ್ತಾಯ್ತು?"

"ಅವನು ಕೆಟಲು ಕೇಳಿದ ದಿನ."

"ಅವತ್ತೇ ಬಂದು ನಂಗೆ ಹೇಳಿದ್ಯಾ?"

"ಅವತ್ತೇ. ಕರೆದ ಹಾಲು ಸೋಸಿರಲಿಲ್ಲ."

ಟಕರ್ ಬಕೆಟ್ಟಿನ ಹಿಡಿಯನ್ನು ಆಚೀಚೆ ಆಡಿಸಿದ. "ನಾನು ಬೇರೆ ಏನೇನೋ ಅಂದ್ಕೊಂಡೆ."

"ಗೊತ್ತು. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಅಂದ್ಕೊಳ್ತಿದ್ದೆ," ಎಂದು ಅವಳು ಬಾವಿಗೆ ಹಗ್ಗ ಬಿಟ್ಟಳು.

ಅಂದಿನಿಂದ ಸ್ನೇಹವೇನೂ ಬೆಳೆಯಲಿಲ್ಲ, ಆದರೆ ಅಂಗಡಿಯಲ್ಲಿ ಅವಳ ಬಗ್ಗೆ ಆಡಿಕೊಳ್ಳುವುದು ನಿಂತಿತು. 1904ರಲ್ಲಿ ಹುಲ್ಡಾ ತೀರಿಕೊಂಡಾಗ, ಮಂಡಿನೋವಿನ ಮುದುಕ ಟಕರ್ ಯಾರು ಬೇಡವೆಂದರೂ ಕೇಳದೆ ಶವಪೆಟ್ಟಿಗೆಗೆ ಹೆಗಲು ಕೊಟ್ಟ.