ಗ್ರಂಥಾಲಯದ ಎರಡು ಪ್ರತಿಗಳು

ಆ ದಿನ ನಾನು ಗ್ರಂಥಾಲಯಕ್ಕೆ ಹೋಗಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಉದ್ದನೆಯ ಮೇಜು, ಮೈದಾ ಅಂಟಿನ ಹುಳಿ ವಾಸನೆ, ಬೆರಳ ತುದಿಯಲ್ಲಿ ಒಣಗಿ ಸಿಪ್ಪೆಯೆದ್ದ ಅಂಟು, ಇವೆಲ್ಲ ನೆನಪಿವೆ. ಆದರೆ ಅಂಥ ಮೇಜು ಮುದ್ರಣಾಲಯದಲ್ಲೂ ಇತ್ತು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಲ್ಲಿ ಸಂಶೋಧನಾ ವಿದ್ಯಾರ್ಥಿ. ನನ್ನ ಮಾರ್ಗದರ್ಶಕರನ್ನು ನಾವೆಲ್ಲ ಬರೀ ಸರ್ ಎನ್ನುತ್ತಿದ್ದೆವು. ಸುತ್ತಲಿನ ಹಳ್ಳಿಗಳಲ್ಲಿ ಊರ ಬಾವಿಯ ನೀರನ್ನು ಯಾರು ಯಾವ ಪಾಳಿಯಲ್ಲಿ ಸೇದುತ್ತಿದ್ದರು ಎಂಬುದರ ಮೇಲೆ ಅವರು ಪುಸ್ತಕ ಬರೆದರು. ಮುದುಕರ ಮಾತುಗಳನ್ನು ಕಾರ್ಡುಗಳಲ್ಲಿ ಬರೆದು ಊರುವಾರು ಜೋಡಿಸಿದವನು ನಾನು. ಎರಡು ಕಾರ್ಡು ಅದಲುಬದಲಾದವು. ಒಂದೂರಿನಲ್ಲಿ ಒಂದು ಓಣಿಯವರಿಗೆ ಬಾವಿ ಮುಟ್ಟಗೊಡಲಿಲ್ಲ ಎಂಬ ಮಾತು ಅದರ ಪಕ್ಕದೂರಿನ ಹೆಸರಲ್ಲಿ ಅಚ್ಚಾಯಿತು.

ಮೊದಲ ಕೆಲವು ಪ್ರತಿಗಳು ಹೊರಬಿದ್ದ ವಾರವೇ ಆ ಪಕ್ಕದೂರಿನ ಹಿರಿಯರೊಬ್ಬರು ಪುಸ್ತಕ ಹಿಡಿದು ಸರ್ ಮನೆಗೆ ಬಂದರು.

“ನಮ್ಮೂರಾಗ ತಪ್ಪು ನೂರ ಅದಾವ್ರಿ, ಅವನ್ನ ಬರೀರಿ. ಮಗ್ಗಲೂರಿಂದು ನಮ್ಮ ತಲಿಗ್ಯಾಕ ಕಟ್ಟೀರಿ?”

ಸರ್ ಎದ್ದು ಕೈಮುಗಿದರು. ಎಲ್ಲ ಪ್ರತಿಗೂ ಒಪ್ಪೋಲೆ ಹಚ್ಚಿಸುತ್ತೇನೆಂದು ಮಾತು ಕೊಟ್ಟರು. ಅಲ್ಲೇ ನಿಂತಿದ್ದ ನನ್ನ ಕಡೆ ನೋಡಲಿಲ್ಲ.

ಒಪ್ಪೋಲೆ ಎಂದರೆ ತಪ್ಪು ಇಂಥದು, ಸರಿ ಇಂಥದು ಎಂದು ಅಚ್ಚು ಹಾಕಿ ಪುಸ್ತಕದ ಕೊನೆಗೆ ಅಂಟಿಸುವ ಚೀಟಿ. ಹಳೇ ಹುಬ್ಬಳ್ಳಿಯ ಮುದ್ರಣಾಲಯದಲ್ಲಿ ಎರಡು ದಿನ ಕೂತು ಅಂಟಿಸಿದೆ. ಕಾರ್ಡು ಅದಲುಬದಲಾದದ್ದನ್ನು ನನ್ನಿಂದಲೇ ಕೇಳಿದ್ದ ಬೈಂಡಿಂಗ್ ಮಾಡುವ ಕಾಕಾ ಚಹಾ ಕುಡಿಯುತ್ತ ಚೀಟಿಯನ್ನು ಓದಿದರು.

“ತಮ್ಮಾ, ನಿಮ್ಮ ಸರು ‘ನನ್ನ ಅಜಾಗರೂಕತೆಯಿಂದ’ ಅಂತ ಬರದಾರಲ್ಲೋ. ತಪ್ಪು ಮಾಡಿದಾಂವ ಇಲ್ಲಿ ಅಂಟು ಹಚ್ಚಾಕತ್ತಾನ!”

“ಹೌದ್ರಿ ಕಾಕಾ.”

“ನಿಮ್ಮ ಧಾರವಾಡದ ಗ್ರಂಥಾಲಯದ ಎರಡು ಪ್ರತಿ ಆಗಲೇ ಹೋದ್ವು ನೋಡು. ಚೀಟಿ ಒಯ್ದು ಅಲ್ಲೇ ಹಚ್ಚಿ ಬಾ. ಮರೀಬ್ಯಾಡ ಮತ್ತ.”

ಎರಡು ಚೀಟಿ ಕಿಸೆಯಲ್ಲಿಟ್ಟುಕೊಂಡದ್ದು ನೆನಪಿದೆ. ಅಲ್ಲಿಂದ ಮುಂದೆ ಏನೂ ಇಲ್ಲ.

ಹತ್ತು ಹನ್ನೆರಡು ವರ್ಷಗಳ ಮೇಲೆ ಗ್ರಂಥಾಲಯದವರು ಹಳೆಯ ಸಂಶೋಧನಾ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಪುಕ್ಕಟೆ ಓದುವಂತೆ ಇಂಟರ್‌ನೆಟ್ಟಿಗೆ ಹಾಕತೊಡಗಿದರು. ಅದಕ್ಕೆ ಲೇಖಕರ ಒಪ್ಪಿಗೆಪತ್ರ ಬೇಕು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮೇಷ್ಟ್ರಾಗಿದ್ದ ನನ್ನ ಕೈಯಲ್ಲಿ ಅದನ್ನು ಕಳಿಸಿದರು. ನಿವೃತ್ತರಾಗಿದ್ದ ಸರ್‌ಗೆ ಕಣ್ಣು ಹೆಚ್ಚುಕಡಿಮೆ ಹೋಗಿದ್ದವು. ನಾನೇ ಓದಿ ಹೇಳಿದೆ.

“ಪುಕ್ಕಟ ಓದ್ಲಿ ಬಿಡು. ಮಂದಿ ತೆರಿಗಿ ರೊಕ್ಕದಾಗ ಅಡ್ಡಾಡಿ ಬರದದ್ದು. ಯಾವ ಪ್ರತಿ ತಗೋತಾರ?”

“ಗ್ರಂಥಾಲಯದ್ದರಿ ಸರ್. ಬ್ಯಾರೆ ಎಲ್ಲೂ ಸಿಗವಲ್ದು.”

“ಅದಕ್ಕ ಒಪ್ಪೋಲೆ ಅದ ಹೌದಲ್ಲ? ಇಲ್ಲಂದ್ರ ಸಹಿ ಮಾಡಂಗಿಲ್ಲ. ಕಪಾಟಿನಾಗಿದ್ದಾಗ ನಾಕು ಮಂದಿ ಓದತಿದ್ರು. ಇನ್ನ ಆ ಊರಿನ ಹುಡುಗೂರೇ ಓದತಾರ.”

“ಅದರಿ ಸರ್.”

“ನೀನ ಹಚ್ಚೀಯಲ್ಲ?”

“ನಾನ ಹಚ್ಚೇನ್ರಿ.”

ಅವರ ಬೆರಳು ಹಿಡಿದು ಗೆರೆ ತೋರಿಸಿದೆ. ಸಹಿ ಗೆರೆ ಬಿಟ್ಟು ಕೆಳಗಿಳಿಯಿತು. ಸುಳ್ಳು ಹೇಳಿದೆ ಅನಿಸಲಿಲ್ಲ. ಖರೇ ಹೇಳಿದೆ ಎಂದೂ ಅನಿಸಲಿಲ್ಲ. ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು ಮಧ್ಯಾಹ್ನದ ತರಗತಿ ತೆಗೆದುಕೊಂಡೆ. ನೆನಪನ್ನು ನಂಬಬೇಡಿ, ಮೂಲ ನೋಡಿ ಎಂದು ಹುಡುಗರಿಗೆ ಹೇಳುವುದು ನನ್ನ ಚಟವಾಗಿತ್ತು. ಅಂದೂ ಹೇಳಿರಬೇಕು. ಆಮೇಲೆ ಎಷ್ಟೋ ಸಲ ಆ ಗ್ರಂಥಾಲಯದ ಮುಂದೆ ಹಾಯ್ದೆ. ಐದು ನಿಮಿಷದ ಕೆಲಸ. ಒಳಗೆ ಹೋಗಲಿಲ್ಲ.

ಮುಂದಿನ ವರ್ಷ ತರಗತಿಯ ಹುಡುಗಿಯೊಬ್ಬಳು ಹೊರಗೆ ತಡೆದಳು. ಆ ಪಕ್ಕದೂರಿನವಳು.

“ಸರ್, ನೆಟ್ಟಿನಾಗ ನಮ್ಮೂರ ಬಾವಿದು ಓದಿದ್ನಿರಿ. ಹಂಗೇನೂ ಇರಲಿಲ್ಲ ಅಂತಾನ ನಮ್ಮಜ್ಜ. ನಾ ಯಾರನ್ನ ನಂಬಲಿ?”

“ನೋಡಿ ಹೇಳ್ತೇನಿ,” ಅಂದೆ.

ಅಂದೇ ಸಂಜೆ ಸೈಬರ್ ಕೆಫೆಯಲ್ಲಿ ಆ ಪುಸ್ತಕ ತೆರೆದೆ. ಒಂದೊಂದೇ ಪುಟ ನಿಧಾನಕ್ಕೆ ಮೂಡಿತು. ಕೊನೆಯ ಪುಟದ ನಂತರ ಏನೂ ಇರಲಿಲ್ಲ. ಸ್ಕ್ಯಾನ್ ಮಾಡಿದವರು ಬಿಟ್ಟಿರಬಹುದು ಎಂದುಕೊಂಡು ಮರುದಿನ ಧಾರವಾಡಕ್ಕೆ ಹೋಗಿ ಕಪಾಟಿನ ಎರಡೂ ಪ್ರತಿಗಳನ್ನು ತೆಗೆಸಿ ನೋಡಿದೆ. ಎರಡರಲ್ಲೂ ಒಪ್ಪೋಲೆ ಇರಲಿಲ್ಲ. ಹಚ್ಚಿ ಕಿತ್ತ ಗುರುತೂ ಇರಲಿಲ್ಲ.