ಅಮ್ಮನಿಗೆ ಏನಿಷ್ಟ ಇತ್ತು?

ಗೆಳೆಯರೇ, ಇವತ್ತು ಹಿರಿಯರ ಹಬ್ಬ. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಶಿವಣ್ಣನವರ ಮನೆಗೆ, ಸತ್ತವರಿಗೆ ಎಡೆ ಇಡಲು ನಾನೂ ಹೋಗಿದ್ದೆ. ಅಟ್ಟದ ತುಂಬ ಕೊಬ್ಬರಿ ಇರುವ ಮನೆ, ಯಾವುದಕ್ಕೂ ಕೊರತೆಯಿಲ್ಲ.

ಅವರಪ್ಪನ ಎಲೆ ಬೇಗ ತುಂಬಿತು. ಒಬ್ಬಟ್ಟು, ಎಣ್ಣೆಗಾಯಿ, ಬೀಡಿ, ಪಕ್ಕದಲ್ಲಿ ಅವರ ಟ್ರಾನ್ಸಿಸ್ಟರ್. ಹೋದ ವರ್ಷ ತೀರಿಕೊಂಡ ಅಮ್ಮನ ಎಲೆಯ ಮುಂದೆ ಶಿವಣ್ಣ ಸೌಟು ಹಿಡಿದು ತಮ್ಮನ ಕಡೆ ತಿರುಗಿದರು.

"ಅಮ್ಮಂಗೆ ಏನಿಷ್ಟ ಇತ್ಲಾ?"

"ಎಲ್ರುದೂ ಆದ್ಮೇಲೆ ಒಳಗೆ ಉಣ್ಣೋಳು ಕಣಣ್ಣ. ಯಾರು ನೋಡಿದ್ರು?" ಅಂದ ತಮ್ಮ.

ಕೊನೆಗೆ ಅಪ್ಪನಿಗೆ ಬಡಿಸಿದ್ದನ್ನೇ ಅಮ್ಮನಿಗೂ ಬಡಿಸಿದರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾತ್ರೆ ಕೆರೆಯುವ ಸದ್ದು ಕೇಳಿಸಿತು. ಸುತ್ತ ನೋಡಿದೆ. ಮನೆಯವರೆಲ್ಲ ಜಗಲಿಯಲ್ಲೇ ಇದ್ದರು.

ಬಾಗಿಲು ತೆಗೆದಾಗ ಅಮ್ಮನ ಎಲೆಯಲ್ಲಿ ಒಂದಗುಳೂ ಕದಲಿರಲಿಲ್ಲ. ಅಡುಗೆಮನೆಯಲ್ಲಿ ಅನ್ನದ ಪಾತ್ರೆಯ ತಳಕ್ಕೆ ಹತ್ತಿದ್ದ ಸೀಕು ಮಾತ್ರ ಇರಲಿಲ್ಲ. ಯಾರೋ ಬೆರಳಲ್ಲಿ ಬಳಿದು ತಿಂದಂತಿತ್ತು.

"ಬೆಕ್ಕಿರ್ಬೇಕು ಬುಡು" ಅಂದರು ಶಿವಣ್ಣ.

ಅವರ ಹೆಂಡತಿ ನನ್ನ ಕಿವಿಯಲ್ಲಿ ಅಂದಳು, "ನಮ್ಮತ್ತೆನೇ ಕಣಕ್ಕ. ಗಂಡಸ್ರು ಉಣ್ಣೋಕೆ ಮುಂಚೆ ಅವ್ರು ಎಲೆ ಮುಟ್ತಾರಾ?"

ಮನೆಗೆ ಬಂದವಳೇ ನಮ್ಮ ಯಜಮಾನರನ್ನು ಕೇಳಿದೆ, "ನನಗೇನಿಷ್ಟ, ಹೇಳಿ ನೋಡೋಣ."

ಪೇಪರಿನಿಂದ ತಲೆಯೆತ್ತದೆ ಅಂದರು, "ಸೀಕು. ದಿನಾ ತಿಂತೀಯಲ್ಲ."

ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ, ನೀವೇ ಸಾಕ್ಷಿ. ನನಗಿಷ್ಟ ಕಾಯಿ ಒಬ್ಬಟ್ಟು. ಬಿಸಿಯದು, ಮೇಲೆ ತುಪ್ಪ.