ಗುತ್ಯಮ್ಮನ ಮೂರು ತಿಂಗಳ ಸಿಲಿಂಡರ್

ಒಂದು ಮನೆಯ ಹಣೆಬರಹ ತಿಳಿಯಲು ಜಾತಕ ಬೇಕಿಲ್ಲ, ದಿನಸಿ ಚೀಟಿ ಸಾಕು. ಸೊರಬದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷದಿಂದ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ, ಯಾವ ಅತ್ತೆ ಅಡುಗೆಮನೆಯನ್ನು ಸೊಸೆಗೆ ಒಪ್ಪಿಸಿದ್ದಾಳೆ, ಎಲ್ಲವೂ ಚೀಟಿ ನೋಡಿದ ಕೂಡಲೇ ನನಗೆ ತಿಳಿಯುತ್ತದೆ. ತಿಳಿಯದೆ ಉಳಿದದ್ದು ಒಂದೇ ಮನೆ. ಆ ಮನೆಯಿಂದ ಚೀಟಿಯೇ ಬರುವುದಿಲ್ಲ. ಗುತ್ಯಮ್ಮನೇ ಬರುತ್ತಾಳೆ, ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಚೀಲ ಹಿಡಿದುಕೊಂಡು.

ಚಂದ್ರಗುತ್ತಿ ಕಡೆಯ ಹೆಂಗಸು, ವಯಸ್ಸು ನಲವತ್ತೇಳೋ ಎಂಟೋ. ಓಣಿಯ ಕೊನೆಯ ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದಾಳೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳ ಕೆಲಸ. ಗಂಡ ಪುಟ್ಟಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಸೊಂಟ ಹಿಡಿದ ಮೇಲೆ ಅದೇ ಗಿರಣಿಯ ಗೇಟು ಕಾಯುತ್ತಾನೆ, ಅರ್ಧ ಸಂಬಳಕ್ಕೆ. ಮಗಳು ಬಿಂದುಶ್ರೀ ಶಿಕಾರಿಪುರದಲ್ಲಿ ಹಾಸ್ಟೆಲಿನಲ್ಲಿದ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುತ್ತಾಳೆ. ಶಾಲೆಗೆ ಬೇಸಿಗೆ ರಜೆ ಬಂದರೆ ಗುತ್ಯಮ್ಮನ ಗೌರವಧನಕ್ಕೂ ರಜೆ. ಹತ್ತು ತಿಂಗಳ ದುಡ್ಡಿನಲ್ಲಿ ಹನ್ನೆರಡು ತಿಂಗಳು ಉಣ್ಣಬೇಕು, ಮಗಳನ್ನೂ ಓದಿಸಬೇಕು. ಮೂರು ಸಲ ಕೂಡಿ ಕಳೆದು ನೋಡಿದ್ದೇನೆ, ನನಗೆ ಆ ಲೆಕ್ಕ ತಾಳೆಯಾಗಿಲ್ಲ. ಅವಳಿಗೆ ಆಗುತ್ತದೆ. ನನ್ನ ಸಂಕಟ ಇರುವುದೇ ಅಲ್ಲಿ.

ಅವಳು ಬಂದರೆ ಮೊದಲು ಬೇಳೆಯ ಮೂಟೆಯ ತಳ ನೋಡುತ್ತಾಳೆ. ಮೂಟೆ ಖಾಲಿಯಾಗುವಾಗ ಉಳಿಯುವ ಚೂರು ಬೇಳೆ ಬೇಕು, ಅದೂ ಚೂರಿನ ರೇಟಿಗೆ. ಬೇಯುವಾಗ ಹೇಗೂ ಚೂರೇ ಆಗ್ತದಲ್ಲ ಸಾವ್ಕಾರ್ರೆ, ಎನ್ನುತ್ತಾಳೆ. ಪ್ಲಾಸ್ಟಿಕ್ ಕವರು ಕೊಡಲು ಹೋದರೆ ಬೇಡವೆಂದು ಚೀಲ ಚಾಚುತ್ತಾಳೆ, ಕವರಿನ ದುಡ್ಡು ಉಳಿಯಿತಲ್ಲ ಅಂತ ಒಂದು ರೂಪಾಯಿ ಕಡಿಮೆ ಮಾಡಿಸುತ್ತಾಳೆ. ಹೊಸ ವರ್ಷಕ್ಕೆ ನಾನು ಹಂಚುವ ಕ್ಯಾಲೆಂಡರಿನಲ್ಲಿ ಅವಳಿಗೆ ಎರಡು ಬೇಕು. ಒಂದು ಗೋಡೆಗೆ, ಇನ್ನೊಂದರ ಹಿಂಬದಿ ಮಗಳಿಗೆ ಲೆಕ್ಕ ಬಿಡಿಸಲು. ಪಾತ್ರೆ ತಿಕ್ಕುವ ಸೋಪು ಇವತ್ತಿನವರೆಗೆ ಕೊಂಡಿಲ್ಲ. ನೀರೊಲೆಯ ಬೂದಿಗೆ ಹಿಂಡಿದ ನಿಂಬೆ ಸಿಪ್ಪೆ ಸೇರಿಸಿ ಉಜ್ಜುತ್ತಾಳೆ. ಅವಳ ಪಾತ್ರೆಗಳು ನನ್ನ ಮನೆಯವಕ್ಕಿಂತ ಹೊಳೆಯುತ್ತವೆ ಎಂಬುದನ್ನು ಇಲ್ಲಿ ಬರೆಯಬೇಕಾಗಿರಲಿಲ್ಲ.

ಶಿಕಾರಿಪುರಕ್ಕೆ ಮಗಳನ್ನು ನೋಡಲು ಹೊರಟರೆ ಎರಡು ಖಾಸಗಿ ಬಸ್ಸು ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯುತ್ತಾಳೆ. ಹೆಂಗಸರಿಗೆ ಅದರಲ್ಲಿ ಟಿಕೆಟ್ ಇಲ್ಲವಲ್ಲ. ಪುಟ್ಟಪ್ಪನಿಗೆ ಟಿಕೆಟ್ ಇರುವುದರಿಂದ ಅವನು ಮಗಳನ್ನು ಫೋನಿನಲ್ಲಿ ನೋಡುತ್ತಾನೆ.

ಜಿಪುಣಿಯಾಗಿದ್ದರೆ ನನಗೆ ಹೊಟ್ಟೆಕಿಚ್ಚು ಬರುತ್ತಿರಲಿಲ್ಲ. ಜಿಪುಣರನ್ನು ಕಂಡರೆ ನಗು ಬರುತ್ತದೆ, ಅಷ್ಟೇ. ಆದರೆ ನನ್ನ ಹೆಂಡತಿ ರಾಜೇಶ್ವರಮ್ಮ ಒಮ್ಮೆ ಅರಿಸಿನ ಕುಂಕುಮಕ್ಕೆ ಹೋಗಿ ಬಂದು, ಗುತ್ಯಮ್ಮ ಬಿಸಿ ಬಿಸಿ ಗೋಧಿ ಪಾಯಸ ಕೊಟ್ಟಳೆಂದೂ, ಅದರಲ್ಲಿ ಗೋಡಂಬಿ ಇತ್ತೆಂದೂ ಹೇಳಿದಳು. ಆ ಗೋಡಂಬಿ ನನ್ನ ಅಂಗಡಿಯದಲ್ಲ. ಎಲ್ಲಿಯದು ಎಂದು ಎರಡು ದಿನ ಯೋಚಿಸಿದೆ.

ರಾಜೇಶ್ವರಮ್ಮನ ತವರು ಶಿಕಾರಿಪುರ. ಹೋಲಿಸಿ ಮಾತಾಡುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬೆಳಗಿನ ಕಾಫಿಯ ಜೊತೆ ಒಂದು, ರಾತ್ರಿಯ ಮಜ್ಜಿಗೆಯ ಜೊತೆ ಒಂದು: “ಆಕೆ ಹೆಂಗ್ ಸಂಸಾರ ಮಾಡ್ತಾಳೆ ನೋಡ್ರೀ. ನೀವು ಅಂಗಡಿ ಇಟ್ಕೊಂಡೂ ತಿಂಗಳ ಕೊನೆಗೆ ಗೊಣಗ್ತೀರಿ.” ಸ್ವಂತ ಅಂಗಡಿಯವನ ಹೆಂಡತಿ ಅಂಗಡಿಗೆ ಬಂದು ಏನು ಬೇಕಾದರೂ ಎತ್ತಿಕೊಂಡು ಹೋಗುವುದರಿಂದಲೇ ಗೊಣಗುತ್ತೇನೆ ಎಂದು ಹೇಳುವ ಧೈರ್ಯ ನನಗೆ ಬಂದಿಲ್ಲ.

ಇಷ್ಟೆಲ್ಲದರಲ್ಲಿ ನನಗೊಂದು ಸಮಾಧಾನವಿತ್ತು. ನಾಲ್ಕು ವರ್ಷದ ಹಿಂದೆ ಗುತ್ಯಮ್ಮ ಟೀ ಪುಡಿ ಬಂದಿದ್ದ ಖಾಲಿ ಮರದ ಪೆಟ್ಟಿಗೆ ಕೇಳಿದಳು. ಮೂಲೆಯಲ್ಲಿ ಹಲ್ಲಿ ಮೊಟ್ಟೆ ಇಡುತ್ತಿದ್ದ ಪೆಟ್ಟಿಗೆ ಅದು. ನಾನು ಮೂವತ್ತು ಅಂದೆ, ಅವಳು ಐದು ಅಂದಳು, ಹದಿನೈದಕ್ಕೆ ಮುಗಿಯಿತು. ಮೂರು ಕಾಸಿನ ಬೆಲೆಯಿಲ್ಲದ ವಸ್ತುವಿಗೆ ಹದಿನೈದು ರೂಪಾಯಿ. ಗುತ್ಯಮ್ಮನಿಂದ ನಾನು ಗಳಿಸಿದ ಅಪ್ಪಟ ಲಾಭ ಅದೊಂದೇ. ಆಗಾಗ ಅದನ್ನು ನೆನೆದು ಖುಷಿಪಡುತ್ತಿದ್ದೆ. ಪೆಟ್ಟಿಗೆ ಯಾಕೆಂದು ಮಾತ್ರ ಕೇಳಲಿಲ್ಲ. ವ್ಯಾಪಾರಿ ದುಡ್ಡು ಬಂದ ಮೇಲೆ ಕಾರಣ ಕೇಳುವುದಿಲ್ಲ.

ನಮ್ಮ ಓಣಿಗೆ ಗ್ಯಾಸ್ ಸಿಲಿಂಡರ್ ತರುವ ಹನುಮಂತಪ್ಪ ಬಾಗಿಲು ಹಾಕಿದ ಮನೆಗಳ ಸಿಲಿಂಡರನ್ನು ನನ್ನ ಅಂಗಡಿಯಲ್ಲಿ ಇಳಿಸಿ ಹೋಗುತ್ತಾನೆ. ಹಾಗಾಗಿ ಓಣಿಯ ಒಲೆಗಳೆಲ್ಲ ನನಗೆ ಪರಿಚಯ. ಒಂದು ಸಿಲಿಂಡರ್ ಪಕ್ಕದ ಬಸಕ್ಕನ ಮನೆಯಲ್ಲಿ ನಲವತ್ತು ದಿನ ಬರುತ್ತದೆ, ನಮ್ಮಲ್ಲಿ ಇಪ್ಪತ್ತೆಂಟು. ಕಳೆದ ಶ್ರಾವಣದಲ್ಲಿ ಒಂದು ದಿನ ಅವನು ಗುತ್ಯಮ್ಮನ ಸಿಲಿಂಡರ್ ಇಳಿಸುತ್ತ, ಹಿಂದಿನದು ತಂದು ಮೂರು ತಿಂಗಳು ಮೇಲಾಯಿತು, ಈ ಹೆಂಗಸು ಗ್ಯಾಸನ್ನು ಮೂಸಿ ನೋಡಿ ಬಿಡ್ತಾಳೋ ಏನೋ ಎಂದು ನಕ್ಕು ಹೋದ. ಕಾಫಿ ಪುಡಿಗೆ ಬಂದು ನಿಂತಿದ್ದ ಬಸಕ್ಕ ಬೆರಗಾಗಿ, ಅದು ಹೇಗೆ ಸಾಧ್ಯ ಅಂತ ನನ್ನ ಮುಖ ನೋಡಿದಳು.

ಆ ದಿನ ಬೆಳಿಗ್ಗೆ ಕಾಫಿಯ ಜೊತೆ ಹೋಲಿಕೆ ಸ್ವಲ್ಪ ಜಾಸ್ತಿಯೇ ಆಗಿತ್ತು. ಪುಡಿ ತೂಗುತ್ತ ಅಂದೆ:

“ಶಾಲೆ ಒಲೆ ಉರಿಯೋವಾಗ ಮನೆ ಒಲೆ ಯಾಕೆ ಉರೀಬೇಕು ಬಿಡಿ.”

ಅಷ್ಟೇ. ಬಸಕ್ಕ ನಕ್ಕಳು, ಪುಡಿ ತೆಗೆದುಕೊಂಡು ಹೋದಳು. ಕದ್ದಳು ಅಂತ ನಾನು ಅನ್ನಲಿಲ್ಲ. ಅನ್ನದೆ ಇರುವ ರೀತಿಯಲ್ಲಿ ಅಂದೆ. ಅದು ಅಂಗಡಿಯವರ ವಿದ್ಯೆ.

ಮಾತನ್ನು ಸಾಲ ಕೊಟ್ಟರೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ನಾಲ್ಕನೇ ದಿನ ಹೊಸಬಾಳೆಯಿಂದ ಸಂತೆಗೆ ಬಂದಿದ್ದ ಗಿರಾಕಿಯೊಬ್ಬರು ನನಗೇ ಸುದ್ದಿ ಹೇಳಿದರು. ನಿಮ್ಮ ಓಣಿಯ ಬಿಸಿಯೂಟದ ಹೆಂಗಸು ಮಕ್ಕಳ ಅಕ್ಕಿ, ಬೇಳೆ, ಎಣ್ಣೆ ಪ್ಯಾಕೆಟ್ಟು ಎಲ್ಲ ಸಾಗಿಸ್ತಾಳಂತೆ, ಮನೆಯಲ್ಲಿ ಒಲೆಯನ್ನೇ ಹಚ್ಚೋದಿಲ್ಲವಂತೆ. ನಾನು ಹೌದಾ ಅಂದೆ. ಆ ಎಣ್ಣೆ ಪ್ಯಾಕೆಟ್ಟು ನಾನು ಹಾಕಿದ್ದಲ್ಲ, ದಾರಿಯಲ್ಲಿ ಯಾರೋ ಸೇರಿಸಿದ್ದು.

ಮರುದಿನ ‘ಊರ ಹಿತೈಷಿ’ ಎಂಬ ಸಹಿಯ ಅರ್ಜಿಯೊಂದು ಮೇಲಿನ ಕಚೇರಿಗೆ ಹೋಗಿದೆ ಅಂತ ತಿಳಿಯಿತು. ಶನಿವಾರ ಶಾಲಾ ಸಮಿತಿಯ ಸಭೆ ಆಗುವವರೆಗೆ ಅಡುಗೆಗೆ ಬರುವುದು ಬೇಡ ಅಂತ ಹೆಡ್ ಮೇಡಂ ಗುತ್ಯಮ್ಮನಿಗೆ ಹೇಳಿದರು. ಕೆಲಸ ಹೋದರೆ ಬಿಂದುಶ್ರೀಯ ಫೀಸಿನ ಮುಂದಿನ ಕಂತು ಕಟ್ಟುವವರಿಲ್ಲ, ಹುಡುಗಿ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬರಬೇಕು. ಇದು ಇಡೀ ಓಣಿಗೆ ಗೊತ್ತಿತ್ತು.

ನನಗೆ ಮೊದಲ ದಿನ ಬೇಸರವಾಯಿತು ಎಂದು ಬರೆದರೆ ಅದು ಸುಳ್ಳು. ಮೊದಲ ದಿನ ಹಗುರವಾಯಿತು. ಹತ್ತು ತಿಂಗಳ ದುಡ್ಡು ಹನ್ನೆರಡು ತಿಂಗಳಿಗೆ ಸಾಲುವುದಿಲ್ಲ ಎಂಬ ನನ್ನ ಲೆಕ್ಕವೇ ಸರಿ ಅನ್ನಿಸಿತು. ಒಂದು ಸಲ ನಾನೇ ನಂಬಿಬಿಟ್ಟೆ, ಕದ್ದೇ ಇರಬೇಕು ಅಂತ. ಮನೆಯಲ್ಲಿ ಹೋಲಿಕೆ ನಿಂತಿತು. ಕಾಫಿಯನ್ನು ಕಾಫಿಯಂತೆ ಕುಡಿದೆ. ಆದರೆ ಎರಡನೇ ದಿನವೂ ರಾಜೇಶ್ವರಮ್ಮ ಏನೂ ಮಾತಾಡಲಿಲ್ಲ. ಮೂರನೇ ದಿನ ಲೋಟ ಕುಕ್ಕಿ ಕೇಳಿದಳು:

“ಆ ಮಾತು ಮೊದ್ಲು ಯಾರ ಬಾಯಿಂದ ಬಂತು ಅಂತ ಬಸಕ್ಕ ನನ್ಗೆ ಹೇಳಿದ್ಲು. ನೀವು ಹೇಳ್ತೀರೋ, ನಾನೇ ಹೇಳ್ಲೋ?”

ನಾನು ಅಂಗಡಿಗೆ ಬೇಗ ಹೊರಟೆ.

ಸಮಿತಿಯ ಅಧ್ಯಕ್ಷ ಬೆನಕಪ್ಪ ನನ್ನ ಹಳೆಯ ಗಿರಾಕಿ. ಶುಕ್ರವಾರ ಬೀಡಿ ಕೊಳ್ಳುವ ನೆಪದಲ್ಲಿ ಬಂದು, ಮಾತು ನಿಮ್ಮ ಅಂಗಡಿಯಲ್ಲೇ ಹುಟ್ಟಿದ್ದು ಅಂತಾರಲ್ಲ ಕೊಟ್ರೇಶಣ್ಣ, ನಾಳೆ ನೀವೂ ಬನ್ನಿ ಎಂದ. ಹೋಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಹೋದೆ.

ಶಾಲೆಯ ಜಗುಲಿಯಲ್ಲಿ ಬೆಂಚು ಹಾಕಿದ್ದರು. ಸಮಿತಿಯವರು ಏಳೆಂಟು ಮಂದಿ, ಹೆಡ್ ಮೇಡಂ, ಮೂಲೆಯಲ್ಲಿ ನಾನು. ಹನ್ನೊಂದಾಗುತ್ತಿರುವಾಗ ಗುತ್ಯಮ್ಮ ಬಂದಳು. ತಲೆಯ ಮೇಲೆ ಒಂದು ಪೆಟ್ಟಿಗೆ. ಅದನ್ನು ಇಳಿಸಿ ಬೆವರು ಒರೆಸಿಕೊಂಡಳು. ಪೆಟ್ಟಿಗೆಯ ಬದಿಯಲ್ಲಿ ನಾನೇ ಬಣ್ಣದಲ್ಲಿ ಬರೆದಿದ್ದ ‘ಕೊ’ ಅಕ್ಷರ ಇನ್ನೂ ಇತ್ತು. ನನ್ನ ಹದಿನೈದು ರೂಪಾಯಿಯ ಪೆಟ್ಟಿಗೆ.

ಗ್ಯಾಸ್ ಹೇಗೆ ಮೂರು ತಿಂಗಳು ಬರುತ್ತದಮ್ಮ ಎಂದು ಬೆನಕಪ್ಪ ನೇರವಾಗಿಯೇ ಕೇಳಿದ.

“ಬೆಳಿಗ್ಗೆ ಎಂಟಕ್ಕೆ ಒಂದು ಕುದಿ ಬರ್ಸಿ ಇದ್ರೊಳಗೆ ಇಟ್ಟಿದ್ದು. ಅಲ್ಲಿಂದ ಒಲೆ ಹಚ್ಚಿಲ್ಲ. ನೀವೇ ತೆಗೀರಿ.”

ಬೆನಕಪ್ಪ ಮುಚ್ಚಳ ತೆಗೆದ. ಮೇಲೆ ಹಳೇ ಸೀರೆಯಲ್ಲಿ ಹೊಲಿದು ಭತ್ತದ ಹೊಟ್ಟು ತುಂಬಿದ ದಿಂಬು. ಸುತ್ತಲೂ ಗೋಣಿಚೀಲ, ಅದರೊಳಗೂ ಹೊಟ್ಟು ಗಿಡಿದು ತುಂಬಿತ್ತು. ನಡುವೆ ಬಿಗಿ ಮುಚ್ಚಳದ ಪಾತ್ರೆ. ಬರಿಗೈಯಲ್ಲಿ ಮುಟ್ಟಿ ಕೈ ಹಿಂತೆಗೆದು ಬೆರಳು ಬಾಯಿಗಿಟ್ಟುಕೊಂಡ. ಹೆಡ್ ಮೇಡಂ ಸೆರಗಿನಿಂದ ಮುಚ್ಚಳ ಎತ್ತಿದರೆ ಹಬೆ ಎದ್ದು ಅವರ ಕನ್ನಡಕ ಮಸುಕಾಯಿತು. ಅನ್ನ ಅರಳಿ ಬೆಂದಿತ್ತು, ಮೂರು ತಾಸಾದರೂ ಬಿಸಿ ಆರಿರಲಿಲ್ಲ.

ಗುತ್ಯಮ್ಮ ನಿಧಾನವಾಗಿ ವಿವರಿಸಿದಳು. ಹೊಟ್ಟು ಗಿರಣಿಯಲ್ಲಿ ಪುಟ್ಟಪ್ಪನಿಗೆ ಪುಕ್ಕಟೆ ಸಿಗುತ್ತದೆ. ಗದ್ದೆ ನೆಟ್ಟಿಗೆ ಹೋಗುವಾಗ ಅವಳ ಅಜ್ಜಿ ಅನ್ನದ ಗಡಿಗೆಯನ್ನು ಹುಲ್ಲಿನಲ್ಲಿ ಹೂತಿಟ್ಟು ಹೋಗುತ್ತಿದ್ದಳಂತೆ. ಇದೂ ಅದೇ, ಹುಲ್ಲಿನ ಬದಲು ಹೊಟ್ಟು. ಬೇಳೆಗೆ ಎರಡು ಕುದಿ ಬೇಕು. ಸ್ನಾನದ ನೀರಿಗೆ ಹೇಗೂ ಸೌದೆ. ಗ್ಯಾಸ್ ಹಚ್ಚುವುದು ಆ ಕುದಿಗೆ, ಒಗ್ಗರಣೆಗೆ ಮತ್ತು ಟೀಗೆ.

ಅಲ್ಲಿಗೆ ವಿಷಯ ತೀರಿತು ಅಂದುಕೊಂಡು ನಾನು ಎದ್ದೆ. ಆದರೆ ಹೆಡ್ ಮೇಡಂ ಫೈಲು ಬಿಚ್ಚಿದರು. ಅನ್ನ ತೋರಿಸಿದರೆ ಕಚೇರಿಯವರು ಒಪ್ಪುವುದಿಲ್ಲ. ಅರ್ಜಿ ಹೋಗಿದೆ, ಆಪಾದನೆ ಎಲ್ಲಿಂದ ಹುಟ್ಟಿತು, ಕಣ್ಣಾರೆ ಕಂಡವರು ಇದ್ದಾರೋ ಇಲ್ಲವೋ ಬರೆದು ಕಳಿಸಬೇಕು. ಇಲ್ಲದಿದ್ದರೆ ವಿಚಾರಣೆ ಮುಗಿಯುವ ತನಕ ಬೇರೆಯವರನ್ನು ಹಾಕಿಕೊಳ್ಳಿ ಎಂದು ಆದೇಶ ಬರುತ್ತದೆ, ಮುಗಿಯಲು ಆರು ತಿಂಗಳಾದರೂ ಆದೀತು.

ಬೆನಕಪ್ಪ ಸುಟ್ಟ ಬೆರಳಿಗೆ ಗಾಳಿ ಊದುತ್ತ ನನ್ನ ಕಡೆ ನೋಡಿದ. ನಾನು ವ್ಯಾಪಾರಿಯಂತೆಯೇ ಯೋಚಿಸಿದೆ. ಒಪ್ಪಿಕೊಂಡರೆ, ಈ ಅಂಗಡಿಯಲ್ಲಿ ಉಪ್ಪು ಕೊಂಡರೆ ಊರಿಗೆಲ್ಲ ಸುದ್ದಿಯಾಗುತ್ತದೆ ಅಂತ ಗಿರಾಕಿಗಳು ಎದುರು ಅಂಗಡಿಗೆ ಹೋಗುತ್ತಾರೆ. ಸುಮ್ಮನಿದ್ದರೆ ನನಗೆ ನಷ್ಟವಿಲ್ಲ. ಗುತ್ಯಮ್ಮ ನನ್ನ ಮುಖ ನೋಡಲಿಲ್ಲ. ಬಗ್ಗಿ ಮುಚ್ಚಳ ಹಾಕಿ, ಬಿಸಿ ಹೋಗದಂತೆ ದಿಂಬನ್ನು ಮೂಲೆ ಮೂಲೆಗೆ ಒತ್ತಿ ಕೂರಿಸುತ್ತಿದ್ದಳು. ಕೆಲಸ ಹೋಗುತ್ತದೋ ಉಳಿಯುತ್ತದೋ ಎನ್ನುವ ಹೊತ್ತಿನಲ್ಲೂ ಒಂದು ಪಾತ್ರೆ ಅನ್ನದ ಬಿಸಿಯನ್ನು ದಂಡ ಮಾಡದ ಹೆಂಗಸು. ಅದನ್ನು ನೋಡಿ ನನಗೆ ಕನಿಕರ ಬರಲಿಲ್ಲ. ಹೊಟ್ಟೆಕಿಚ್ಚೇ ಬಂತು, ಎಂದಿಗಿಂತ ಜೋರಾಗಿ. ಇಂಥವಳು ಕದಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು.

“ಬರ್ಕೊಳ್ಳಿ ಮೇಡಂ,” ಅಂದೆ. “ಆ ಮಾತು ಮೊದಲು ಆಡಿದ್ದು ನಾನು. ಕಣ್ಣಾರೆ ಕಂಡಿದ್ದು ಏನೂ ಇಲ್ಲ.”

“ಮತ್ತೆ ಯಾಕೆ ಹೇಳಿದ್ರಿ? ಕಾರಣ ಬರೀಬೇಕು.”

“ಹೊಟ್ಟೆಕಿಚ್ಚು.”

ಮೇಡಂ ಪೆನ್ನು ಎತ್ತಿ ನನ್ನನ್ನು ನೋಡಿ, ‘ತಪ್ಪು ತಿಳುವಳಿಕೆಯಿಂದ’ ಎಂದು ಬರೆದರು. ಸರ್ಕಾರಿ ಕಾಗದದಲ್ಲಿ ನನ್ನ ಕಾರಣಕ್ಕೆ ಜಾಗವಿಲ್ಲವಂತೆ. ಸಹಿ ಹಾಕಿದೆ. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಗುತ್ಯಮ್ಮನಿಗೆ ಹೇಳಿದರು.

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, ಎಲ್ಲರಿಗೂ ಕೇಳುವಂತೆ ಅಂದಳು:

“ಸಾವ್ಕಾರ್ರೆ, ಹೇಗೆ ಮಾಡ್ತಿ ಗುತ್ಯಮ್ಮ ಅಂತ ಕೇಳಿದ್ರೆ ಹೇಳ್ಕೊಡ್ತಿದ್ದೆ. ಇರ್ಲಿ. ಆವತ್ತು ಈ ಪೆಟ್ಟಿಗೆಗೆ ಹದಿನೈದು ತಗೊಂಡಿದ್ರಲ್ಲ, ಅದೊಂದು ವಾಪಸ್ ಕೊಟ್ಬಿಡಿ.”

ಜಗುಲಿಯವರೆಲ್ಲ ನಕ್ಕರು. ಜೇಬಿನಲ್ಲಿ ಇಪ್ಪತ್ತರ ನೋಟಿತ್ತು. ಚಿಲ್ಲರೆ ಇಲ್ಲ ಅಂದೆ. ಅವಳು ಸೊಂಟದ ಚೀಲದಿಂದ ಐದರ ನಾಣ್ಯ ತೆಗೆದು ಕೊಟ್ಟಳು. ಗುತ್ಯಮ್ಮನಿಂದ ನಾನು ಗಳಿಸಿದ್ದ ಅಪ್ಪಟ ಲಾಭ, ನಾಲ್ಕು ವರ್ಷ ನೆನೆನೆನೆದು ಖುಷಿಪಟ್ಟಿದ್ದು, ಹೀಗೆ ಕೈಬಿಟ್ಟು ಹೋಯಿತು.

ಎದುರು ಅಂಗಡಿಗೆ ಕೆಲವು ಗಿರಾಕಿಗಳು ಹೋಗಿದ್ದು ನಿಜ. ಅರ್ಧದಷ್ಟು ಜನ ವಾಪಸ್ ಬಂದರು, ಅಲ್ಲಿ ಸಾಲ ಕೊಡುವುದಿಲ್ಲ. ಓಣಿಯಲ್ಲಿ ಹೊಟ್ಟಿನ ಪೆಟ್ಟಿಗೆಯ ಸುದ್ದಿ ಹಬ್ಬಿತು. ನಾನು ಬುದ್ಧಿವಂತನಂತೆ ಒಂಬತ್ತು ಖಾಲಿ ಪೆಟ್ಟಿಗೆ ತರಿಸಿ, ಐವತ್ತು ರೂಪಾಯಿ ಅಂತ ಬೋರ್ಡು ಹಾಕಿದೆ. ಪೆಟ್ಟಿಗೆಯೇ ಬೇಕು ಅಂತಿಲ್ಲ, ತೂತು ಬಿದ್ದ ಹಳೇ ಬಕೆಟ್ಟಾದರೂ ಆದೀತು ಎಂದು ಗುತ್ಯಮ್ಮ ಮನೆಮನೆಗೆ ಹೇಳಿ ಬಂದಳು. ಒಂಬತ್ತರಲ್ಲಿ ಖರ್ಚಾಗಿದ್ದು ಒಂದು, ಅದೂ ರಾಜೇಶ್ವರಮ್ಮ ಎತ್ತಿಕೊಂಡು ಹೋಗಿದ್ದು. ನಮ್ಮ ಸಿಲಿಂಡರ್ ಈಗ ಐವತ್ತು ದಿನ ಬರುತ್ತದೆ. ಕಾಫಿಯ ಜೊತೆಗಿನ ಹೋಲಿಕೆ ನಿಂತಿಲ್ಲ, ಆದರೆ ಈಗ ಹೆಂಡತಿ ಗುತ್ಯಮ್ಮನನ್ನು ಅಕ್ಕ ಅನ್ನುತ್ತಾಳೆ: “ಅಕ್ಕಂದು ಮೂರು ತಿಂಗಳು ಬರ್ತದೆ ನೋಡ್ರೀ.”

ಬಿಂದುಶ್ರೀಯ ಕಂತು ಕಟ್ಟಿದ ವಾರ ಗುತ್ಯಮ್ಮ ಅಂಗಡಿಗೆ ಬಂದಳು. ಬೇಳೆ ಮೂಟೆಯ ತಳ ನೋಡಿದಳು, ಚೀಲ ಚಾಚಿದಳು. ಅವಳು ಕೇಳುವ ಮೊದಲೇ ಒಂದು ರೂಪಾಯಿ ಕಡಿಮೆ ಹೇಳಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೇಳೆಯನ್ನು ಚೀಲದಿಂದ ಹೊರಗೆ ತೆಗೆಸಿ, ತೂಕದ ಯಂತ್ರದ ಮೇಲೆ ಇನ್ನೊಮ್ಮೆ ಇಡಿಸಿ, ಅಂಕಿ ನಿಲ್ಲುವ ತನಕ ಕಾದು ನಿಂತಳು.